ಕೌದಿಯೆಂಬ ಮನೆಯ ದಫ್ತರ

ರಾಯಚೂರಿಗೆ ಬಂದ ನೆಂಟರನ್ನು ನಾವು ಮೊದಲು ಕರೆದುಕೊಂಡು ಹೋಗುವುದು ಕೋಟೆಗೆ. ಗೋಡೆಯಲ್ಲಿ ಕೂಡಿಸಿರುವ, 40 ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲನ್ನು ತೋರಿಸುತ್ತೇವೆ. ಅದರ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಗೆ ಏರಿಸಿ, ಕೋಣಗಳ ಉದ್ದ ಸಾಲು ಹೂಡಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಕೆತ್ತಿದ್ದಾರೆ. ಕಲ್ಲು ತರಿಸಿದವರಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು, ಎಳೆದ ಕೋಣಗಳಿಗೂ ಸಿಕ್ಕಿತು. ಆಮೇಲೆ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಇಲ್ಲಿ ನಡೆದ ಯುದ್ಧವನ್ನು ನೂನಿಜ್ ಎಂಬ ಪೋರ್ಚುಗೀಸ ಕುದುರೆ ವ್ಯಾಪಾರಿ ವಿಸ್ತಾರವಾಗಿ ಬರೆದಿಟ್ಟ. ಆನೆ ಎಷ್ಟು, ಕುದುರೆ ಎಷ್ಟು, ಕಾಲಾಳು ಎಷ್ಟು ಎಂದು ಎಣಿಸಿ ಇಟ್ಟ. ಆ ದಿನಗಳಲ್ಲಿ ಕೋಟೆಯೊಳಗಿನ ಮನೆಗಳಲ್ಲಿ ಹೆಂಗಸರು ಮಕ್ಕಳಿಗೆ ಏನು ಹೊದಿಸಿ ಮಲಗಿಸಿದರು ಎಂಬುದನ್ನು ಮಾತ್ರ ಯಾರೂ ಬರೆದಂತೆ ಕಾಣೆ.

ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಾಗಾಗಿ ಉರ್ದು ಶಬ್ದಗಳು ನಮ್ಮ ಮಾತಿನಲ್ಲಿ ಮನೆಯವರಂತೆಯೇ ಓಡಾಡಿಕೊಂಡಿವೆ. ದಫ್ತರ ಅಂಥದೊಂದು ಶಬ್ದ. ಜಮೀನಿನ ದಫ್ತರ, ಕಂದಾಯದ ದಫ್ತರ, ಸಾಲದ ದಫ್ತರ. ಎಲ್ಲವನ್ನೂ ಬರೆದವರು ಗಂಡಸರು, ಅವುಗಳಲ್ಲಿರುವ ಹೆಸರುಗಳೂ ಬಹುಪಾಲು ಗಂಡಸರವೇ. 2011ರ ಜನಗಣತಿಯಲ್ಲಿ ಕೂಡ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ ಇದ್ದರೆಂದರೆ, ನಮ್ಮ ಅಜ್ಜಿಯರ ಕಾಲವನ್ನು ಕೇಳುವುದೇ ಬೇಡ. ಹಾಗಾದರೆ ಹೆಂಗಸರು ಇಟ್ಟ ದಫ್ತರ ಯಾವುದು? ನಾನು ಅಟ್ಟದ ಮೇಲೆ ಮಡಚಿ ಒಟ್ಟಿದ ಕೌದಿಗಳ ಕಡೆ ಬೆರಳು ಮಾಡುತ್ತೇನೆ. ನಗಬೇಡಿರಿ. ಓದಲು ಬಂದವರಿಗೆ ಅದರಲ್ಲಿ ಮೂರು ತಲೆಮಾರಿನ ಲೆಕ್ಕ ಸಿಗುತ್ತದೆ.

ಕೌದಿ ಎಂದರೇನೆಂದು ಉತ್ತರ ಕರ್ನಾಟಕದ ಓದುಗರಿಗೆ ಹೇಳಬೇಕಿಲ್ಲ. ಮೈಸೂರು ಕಡೆಯವರಿಗಾಗಿ ಒಂದು ಮಾತು: ಹಳೆಯ ಸೀರೆ, ಧೋತ್ರ, ಕುಬಸದ ತುಂಡುಗಳನ್ನು ಪದರಪದರವಾಗಿ ಇಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿ ಮಾಡುವ ಹಾಸಿಗೆ-ಹೊದಿಕೆ. ಇದಕ್ಕೆ ಬೊಂತೆ ಎಂಬ ಹಳಗಾಲದ ಹೆಸರೂ ಉಂಟು. ರಾಯಚೂರಿನ ತೆಲುಗು ಮನೆಗಳಲ್ಲಿ ಇಂದಿಗೂ ಬೊಂತ ಎಂದೇ ಅನ್ನುತ್ತಾರೆ. ಉರ್ದು ಮನೆಗಳಲ್ಲಿ ಗುದಡಿ. ಹೆಸರು ಮೂರು, ಸೂಜಿ ಒಂದೇ. ಇಷ್ಟು ಬಿಸಿಲಿನ ಊರಿನಲ್ಲಿ ಇಷ್ಟು ದಪ್ಪದ ಹೊದಿಕೆ ಯಾಕೆ ಎಂದು ಬೆಂಗಳೂರಿನ ಗೆಳತಿಯೊಬ್ಬಳು ಕೇಳಿದ್ದಳು. ಆಕೆ ಮಾರ್ಗಶಿರದ ಬೆಳಗಿನ ಜಾವ ಪರ್ಸಿಕಲ್ಲಿನ ನೆಲದ ಮೇಲೆ ಮಲಗಿಲ್ಲ. ನಮ್ಮಲ್ಲಿ ಕೌದಿ ಹೊದೆಯುವುದಕ್ಕಿಂತ ಹಾಸುವುದಕ್ಕೇ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಆ ಹಾಸಿಗೆ ಇದು.

ಕೌದಿ ಹೊಲಿಯುವುದು ಬೇಸಿಗೆಯ ಕೆಲಸ. ಬಿಳಿಜೋಳ ಮನೆಗೆ ಬಂದು, ಹತ್ತಿ ಬಿಡಿಸಿ ಮುಗಿದು, ಮುಂಗಾರಿನ ಮೊದಲ ಮಳೆ ಬೀಳುವ ತನಕ ಹೊಲದಲ್ಲಿ ಹೆಣ್ಣಾಳಿಗೆ ಕೆಲಸವಿಲ್ಲ. ಆಗ ಪಡಸಾಲೆಯನ್ನು ಸಾರಿಸಿ ಒಣಗಿಸಿ, ಮೆತ್ತಗಾದ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ತಂಬಿಗೆಯೋ ಗುಂಡುಕಲ್ಲೋ ಇಡುತ್ತಾರೆ. ಅದರ ಮೇಲೆ ಹರಿದ ಧೋತ್ರ, ಅಂಗಿಯ ಬೆನ್ನು, ಲಂಗದ ಘೇರು, ಹೀಗೆ ಕೈಗೆ ಬಂದದ್ದನ್ನು ತಗ್ಗು-ಉಬ್ಬು ಇಲ್ಲದ ಹಾಗೆ ಹರಡುತ್ತಾರೆ. ಮೇಲೆ ಮತ್ತೊಂದು ಸೀರೆ, ಅಥವಾ ಬಣ್ಣ ಬಣ್ಣದ ಚೌಕ, ಮೂರುಮೂಲೆಯ ತುಂಡುಗಳು. ಪದರ ಸರಿಯದಂತೆ ಮೊದಲು ದೊಡ್ಡ ದೊಡ್ಡ ಟಾಕಿ ಹಾಕಿಕೊಂಡು, ಆಮೇಲೆ ಅಂಚಿನಿಂದ ಶುರುಮಾಡಿ ಒಳಗೊಳಗೆ ಸುತ್ತುತ್ತ ಹೋಗುತ್ತಾರೆ. ಹೊಲಿಗೆ ಒತ್ತಾಗಿರಬೇಕು. ಸಾಲು ದೂರದೂರ ಬಿದ್ದರೆ ಒಗೆದಾಗ ಒಳಗಿನ ಅರಿವೆ ಉಂಡೆಗಟ್ಟುತ್ತದೆ.

ನಾಲ್ಕು ದಿಕ್ಕಿಗೆ ನಾಲ್ವರು ಕೂತು ಹೊಲಿದರೆ ಒಂದು ಕೌದಿಯಲ್ಲಿ ನಾಲ್ಕು ಕೈ ಕಾಣುತ್ತವೆ. ಒಬ್ಬಳದು ಸಾಸಿವೆಕಾಳಿನಂಥ ಸಣ್ಣ ಟಾಕಿ, ಇನ್ನೊಬ್ಬಳದು ಅವಸರದ ಉದ್ದ ಟಾಕಿ, ಮತ್ತೊಬ್ಬಳದು ಎಡಕ್ಕೆ ವಾಲುವ ಸಾಲು. ನಮ್ಮ ಮನೆಯ ಹಿರಿಯರು ಸಾಲಿನ ಮೇಲೆ ಬೆರಳಾಡಿಸಿ ಇದು ಇಂಥವಳ ಕೈ ಎಂದು ಹೇಳಿಬಿಡುತ್ತಿದ್ದರು. ಸಹಿ ಮಾಡಲು ಬಾರದವರ ಸಹಿ ಅದು.

ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಹಾಗೇ ಮುಚ್ಚಬಾರದು. ರೊಟ್ಟಿಯ ಚೂರೋ, ನಾಲ್ಕು ಕಾಳೋ, ಹೋಳಿಗೆ ಮಾಡಿದ್ದರೆ ಅದರ ತುಣುಕೋ ಒಳಗಿಟ್ಟು ಹೊಲಿಯಬೇಕು. ಹಸಿದ ಕೌದಿ ಹೊದ್ದವರನ್ನೂ ಹಸಿವಿನಲ್ಲಿಡುತ್ತದೆ ಎಂದು ನಂಬಿಕೆ. ಮಹಾರಾಷ್ಟ್ರದ ಗೋಧಡಿ ಹೊಲಿಯುವವರಲ್ಲೂ ಈ ಹೊಟ್ಟೆ ತುಂಬಿಸುವ ಪದ್ಧತಿ ಇದೆ. ಬರದ ನಾಡಿನವರಿಗೆ ಮಾತ್ರ ಹೊಳೆಯುವ ವಿಚಾರ ಇದು ಎಂದು ನನಗೆ ಅನ್ನಿಸುತ್ತದೆ. ಉಣ್ಣುವವರ ಹೊಟ್ಟೆಯ ಜೊತೆಗೆ ಅರಿವೆಯ ಹೊಟ್ಟೆಯನ್ನೂ ನೆನೆಸಿಕೊಂಡವರು ಅವರು.

ಅರಿವೆಯ ಕೆಲಸ ಮಾಡಿದವರಿಗೆ ನಮ್ಮ ಸಾಹಿತ್ಯದಲ್ಲಿ ಒಂದು ಕಾಲದಲ್ಲಿ ಒಳ್ಳೆಯ ಜಾಗವಿತ್ತು. ಕೃಷ್ಣೆಯ ಆಚೆಗಿನ ಮುದನೂರಿನ ದಾಸಿಮಯ್ಯ ನೇಕಾರ. 12ನೇ ಶತಮಾನದ ಕದಿರೆ ರೆಮ್ಮವ್ವೆಯ ಹೆಸರಿನಲ್ಲೇ ನೂಲಿನ ಕದಿರು ಕೂತಿದೆ. ಆಕೆ ರಾಟಿಯ ಒಂದೊಂದು ಭಾಗವನ್ನೂ ವಚನದೊಳಗೆ ತಂದವಳು. ಬೊಂತಾದೇವಿಯದು ಇನ್ನೂ ವಿಚಿತ್ರ ಕಥೆ. ಕಾಶ್ಮೀರದ ಅರಸುಮಗಳು ಎಲ್ಲ ಬಿಟ್ಟು ಬತ್ತಲೆ ಹೊರಟಾಗ ಶಿವನು ಬೊಂತೆಯೊಂದನ್ನು ಕೊಟ್ಟನಂತೆ, ಆ ಬೊಂತೆಯೇ ಆಕೆಗೆ ಹೆಸರಾಯಿತು. ಅರಸುಮಗಳ ಪೀತಾಂಬರಕ್ಕಿಂತ ತುಂಡು ಸೇರಿಸಿ ಹೊಲಿದ ಹೊದಿಕೆ ದೊಡ್ಡದು ಎಂದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು. ಆದರೆ ಆ ಬೊಂತೆ ಹೊಲಿದವರು ಯಾರು ಎಂದು ಕಥೆ ಹೇಳುವುದಿಲ್ಲ. ಶಿವ ತಾನೇ ಕೂತು ಹೊಲಿದಿರಲಾರ.

ಹತ್ತಿಯ ಮಾತಿಗೆ ಬರೋಣ. ನಮ್ಮ ಕರಿಭೂಮಿಯ ಹತ್ತಿಯ ಮೇಲೆ ದೊರೆಗಳ ಕಣ್ಣು ಹಳೆಯದು. ಸೈನ್ಯದ ಖರ್ಚಿನ ಸಾಲ ತೀರಿಸಲಾರದೆ 1853ರಲ್ಲಿ ನಿಜಾಮರು ವರ್‍ಹಾಡ ಪ್ರಾಂತ, ಧಾರಾಶಿವಗಳ ಜೊತೆಗೆ ನಮ್ಮ ರಾಯಚೂರು ದೋಆಬನ್ನೂ ಇಂಗ್ಲಿಷರ ಕೈಗೆ ಒಪ್ಪಿಸಿದರು. ಅದು 1860ರಲ್ಲಿ ಹಿಂದಿರುಗಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಹಳಿಯೂ ಮದ್ರಾಸು ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲೇ ಕೂಡಿದವು. ಆಮೇಲೆ ಹತ್ತಿಯ ಅಂಡಿಗೆಗಳು ಹೊರಗೆ ಹೋದವು, ಗಿರಣಿಯ ಸೀರೆಗಳು ಒಳಗೆ ಬಂದವು. ನಮ್ಮ ಹೊಲದಲ್ಲಿ ಬಿಡಿಸಿದ ಹತ್ತಿ ಮುಂಬಯಿ ಸುತ್ತಿ ಸೀರೆಯಾಗಿ ಬಂದು, ಹತ್ತು ವರ್ಷ ಮೈಮೇಲಿದ್ದು, ಕೊನೆಗೆ ಕೌದಿಯಾಗುತ್ತಿತ್ತು. ಹತ್ತಿ ಬಿಡಿಸಿದ ಕೈಗೇ ಅದು ತಿರುಗಿ ಸಿಕ್ಕದ್ದು ಹಾಗೆ, ಹರಿದ ಮೇಲೆ.

ಆದರೆ ಎಲ್ಲವೂ ಮುಂಬಯಿಯ ಬಟ್ಟೆಯಲ್ಲ. ಕೌದಿಯ ಮುಖ ನೋಡಿದರೆ ಮನೆಯ ಸಂಬಂಧಗಳ ದಿಕ್ಕು ತಿಳಿಯುತ್ತದೆ. ಕೆಂಪು ಸೆರಗಿನ ಇಳಕಲ್ ಸೀರೆ ಇದ್ದರೆ ಲಿಂಗಸುಗೂರಿನ ಕಡೆಯ ನೆಂಟಸ್ತನ. ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸಿದ ಗದ್ವಾಲದ ಸೀರೆ ಇದ್ದರೆ ಮೂಡಣ ತೆಲುಗು ಸೀಮೆಯ ಬೀಗರು. ಗುಳೇದಗುಡ್ಡದ ಖಣದ ಮೂರುಮೂಲೆಯ ತುಂಡುಗಳಂತೂ ಪ್ರತಿ ಕೌದಿಯಲ್ಲೂ ನಕ್ಷತ್ರದ ಹಾಗೆ ಅಲ್ಲಲ್ಲಿ. ಹರಿದರೂ ಅಂಚು ಬೇಗ ಸವೆಯುವುದಿಲ್ಲವಾದ್ದರಿಂದ ಅದನ್ನು ಕತ್ತರಿಸಿ ಕೌದಿಯ ಸುತ್ತ ಚೌಕಟ್ಟು ಕಟ್ಟುತ್ತಿದ್ದರು. ದೇವದುರ್ಗದ ತಾಂಡಾಗಳ ಹತ್ತಿರದ ಹಳ್ಳಿಗಳಲ್ಲಿ ಒಮ್ಮೊಮ್ಮೆ ಕನ್ನಡಿ ಉದುರಿದ ಲಂಬಾಣಿ ಫೇಟಿಯಾದ ತುಂಡೂ ಸೇರಿಕೊಂಡಿರುತ್ತದೆ.

ದಸರೆಯ ಮುಂಚೆ ಮನೆಯ ಅಷ್ಟೂ ಕೌದಿ ಹೊಳೆಗೆ ಹೋಗುತ್ತಿದ್ದವು. ಘಟ್ಟ ಹಾಕುವ ಮೊದಲು ಹಾಸಿಗೆ ಒಗೆಯದಿದ್ದರೆ ಮನೆ ಶುದ್ಧವಾಗದು. ದೇವದುರ್ಗದ ಬಡಗಣ ಹಳ್ಳಿಗಳವರು ಕೃಷ್ಣೆಗೆ, ಮಾನ್ವಿಯ ತೆಂಕಣ ಹಳ್ಳಿಗಳವರು ತುಂಗಭದ್ರೆಗೆ, ನಡುವಿನವರು ಹಳ್ಳಕ್ಕೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಆ ದಿನ ಬಂಡೆಗಳ ಮೇಲೆ ಊರಿನ ಎಲ್ಲ ಮನೆಗಳ ಒಳಗು ಹರಡಿಕೊಂಡು ಬಿದ್ದಿರುತ್ತಿತ್ತು. ಯಾರ ಮನೆಯಲ್ಲಿ ಹೊಸದು ಬಂದಿದೆ, ಯಾರ ಮನೆಯಲ್ಲಿ ಮೂರು ವರ್ಷದಿಂದ ಒಂದು ಹೊಸ ತುಂಡೂ ಸೇರಿಲ್ಲ ಎಂಬುದನ್ನು ಹೆಂಗಸರು ಮಾತಾಡದೆಯೇ ಓದಿಕೊಳ್ಳುತ್ತಿದ್ದರು.

ಹತ್ತು ವರ್ಷದ ಹಿಂದೆ ಮಾನ್ವಿಯಲ್ಲಿ ನಮ್ಮ ಸಣ್ಣವ್ವನ ಮನೆಯಲ್ಲಿ ಇಲಿ ಕಡಿದ ಕೌದಿಯೊಂದನ್ನು ಬಿಚ್ಚಿದೆವು. ಆಕೆಗೆ ಆಗಲೇ 80 ದಾಟಿತ್ತು. ಹಳೆಯ ಕೌದಿಯನ್ನು ಎಸೆಯುವ ರೂಢಿ ನಮ್ಮಲ್ಲಿಲ್ಲ. ತೀರ ಸವೆದರೆ ಅದನ್ನೇ ಒಳಗಿಟ್ಟು ಹೊಸ ಮುಖ ಹಚ್ಚುತ್ತಾರೆ. ಆದ್ದರಿಂದ ಮೇಲಿನದು ಹೊಸದು, ಆಳದ್ದು ಹಳೆಯದು. ನಮ್ಮ ಜಿಲ್ಲೆಯ ಮಸ್ಕಿ ಎಲ್ಲರಿಗೂ ಗೊತ್ತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಇಂಜಿನಿಯರನಿಗೆ ಅಶೋಕನ ಶಾಸನ ಸಿಕ್ಕ ಊರು. 1954ರಲ್ಲಿ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿ, ಒಂದರ ಕೆಳಗೊಂದು ಪದರ ಬಿಡಿಸಿ ಕಾಲವನ್ನು ಗೊತ್ತುಮಾಡಿದರು. ಸಣ್ಣವ್ವ ಆ ದಿನ ಪಡಸಾಲೆಯಲ್ಲಿ ಕೂತು ಬ್ಲೇಡಿನಿಂದ ಟಾಕಿ ಕೊಯ್ಯುತ್ತ ಮಾಡಿದ್ದೂ ಅದನ್ನೇ. ಒಂದೇ ವ್ಯತ್ಯಾಸ, ಆಕೆಗೆ ಕನ್ನಡಕವೂ ಬೇಕಾಗಲಿಲ್ಲ. ಅರಿವೆಯನ್ನು ಬೆರಳ ನಡುವೆ ಹಿಡಿದು ತಿಕ್ಕಿ ಹೇಳಿಬಿಡುತ್ತಿದ್ದಳು.

ಮೇಲಿನ ಮುಖ ಸಣ್ಣವ್ವನದೇ ಎರಡು ಸೀರೆ. ಕೌದಿ ಹೊಲಿದದ್ದು 1973ರ ಬೇಸಿಗೆಯಲ್ಲಂತೆ. ಹಿಂದಿನ ವರ್ಷದ ಬರದ ನೆನಪು ನಮ್ಮ ಭಾಗದಲ್ಲಿ ಇನ್ನೂ ಹೋಗಿಲ್ಲ. ಸೀರೆಯ ಕೆಳಗೆ ಒರಟು ಬಿಳಿಯ ಚೀಲದ ಬಟ್ಟೆ, ಅದರ ಮೇಲೆ ಮಾಸಿದ ಇಂಗ್ಲಿಷ್ ಅಕ್ಷರ. ಶಾಲೆಗಳಲ್ಲಿ ಕೊಡುತ್ತಿದ್ದ ಕೇರ್ ಉಪ್ಪಿಟ್ಟಿನ ರವೆಯ ಚೀಲ ಅದು. "ಆ ವರ್ಷ ಮನ್ಯಾಗ ಹರಿಯೋವಂಥಾ ಅರಿವಿನೂ ಇರ್ಲಿಲ್ಲ ತಂಗಿ, ಎಲ್ಲಾ ಮೈಮ್ಯಾಲೆ ಇತ್ತು" ಎಂದಳು. ಬರದ ಬಗ್ಗೆ ನಾನು ಓದಿದ ಯಾವ ವರದಿಯಲ್ಲೂ ಈ ಒಂದು ವಾಕ್ಯದಷ್ಟು ಸುದ್ದಿ ಇರಲಿಲ್ಲ.

ಅದರ ಕೆಳಗೆ ಮತ್ತೊಂದು ಕೌದಿಯೇ ಇತ್ತು, ಬೇರೆ ಕೈಯ ಹೊಲಿಗೆ. ಅದು ನಮ್ಮ ಅಜ್ಜಿಯದು. ಅದರಲ್ಲೊಂದು ದಪ್ಪ ನೂಲಿನ ಖಾದಿಯ ಪಟ್ಟಿ, ಇನ್ನೊಂದು ನಾಲ್ಕು ತುದಿಯಲ್ಲೂ ಗಂಟಿನ ಸುಕ್ಕು ಉಳಿದಿದ್ದ ದೊಡ್ಡ ಅರಿವೆ. ರಜಾಕಾರರ ಹಾವಳಿಯ ದಿನಗಳಲ್ಲಿ ಅಜ್ಜಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತುಂಗಭದ್ರೆ ದಾಟಿ, ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಆಚೆ ದಡದಲ್ಲಿ ನೆಂಟರ ಮನೆಯಲ್ಲಿದ್ದಳು. ಆ ಅರಿವೆಯಲ್ಲೇ ಪಾತ್ರೆ ಪಗಡ ಕಟ್ಟಿಕೊಂಡು ಹೋಗಿದ್ದಳು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ತಿರುಗಿ ಬಂದವಳು ಗಂಟು ಬಿಚ್ಚಿ ಅರಿವೆಯನ್ನು ಕೌದಿಗೆ ಹಾಕಿದಳು. ಯಾವ ತಾಮ್ರಪತ್ರವೂ ಆಕೆಗೆ ಬರಲಿಲ್ಲ, ಆಕೆ ಕೇಳಲೂ ಇಲ್ಲ.

ನಡುವೆ, ಹೊಟ್ಟೆಯ ಜಾಗದಲ್ಲಿ, ಕಾಳು ಇರಲಿಲ್ಲ. ಅಂಗೈಯಷ್ಟು ದೊಡ್ಡ ಕುಂಚಿಗೆ ಇತ್ತು. ಕೂಸಿನ ತಲೆಗೆ ಹಾಕಿ ಬೆನ್ನಿನ ಮೇಲೆ ಇಳಿಬಿಡುತ್ತಾರಲ್ಲ, ಅದೇ. ಕೆಂಪು ಅರಿವೆ, ಅಂಚಿಗೆ ಹಳದಿ ದಾರದಲ್ಲಿ ಕಸೂತಿಯ ಸಣ್ಣ ಗೋಪುರದ ಸಾಲು. ಬಣ್ಣ ಹೊಸದರಂತೆಯೇ ಇತ್ತು, ಬೆಳಕು ತಾಗಿರಲಿಲ್ಲವಲ್ಲ. ಸಣ್ಣವ್ವ ಬ್ಲೇಡು ಕೆಳಗಿಟ್ಟಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, ನಮ್ಮವ್ವನಿಗೂ ತನಗೂ ಮುಂಚೆ ಒಂದು ಗಂಡುಕೂಸು ಹುಟ್ಟಿ ಏಳು ತಿಂಗಳಿಗೆ ಹೋಗಿತ್ತಂತೆ. ಅಜ್ಜಿ ಅದರ ಮಾತನ್ನು ಯಾವತ್ತೂ ಎತ್ತಿರಲಿಲ್ಲ. ಯಾವುದೋ ಹಬ್ಬದ ದಿನ ನೆರೆಮನೆಯ ಮುದುಕಿಯ ಬಾಯಿಂದ ಸಣ್ಣವ್ವನಿಗೆ ತಿಳಿದದ್ದು. ಆ ಕೂಸಿಗೆ ಇಟ್ಟ ಹೆಸರೂ ಆಕೆಗೆ ಗೊತ್ತಿರಲಿಲ್ಲ. ಊರಿನ ಯಾವ ದಫ್ತರದಲ್ಲೂ ಅದರ ಹುಟ್ಟಿಲ್ಲ, ಸಾವಿಲ್ಲ. ನನಗೊಬ್ಬ ಸೋದರಮಾವ ಇದ್ದನೆಂದು ನನಗೆ ತಿಳಿದದ್ದು 50 ದಾಟಿದ ಮೇಲೆ, ಒಂದು ಹರಿದ ಹಾಸಿಗೆಯಿಂದ. ಅಜ್ಜಿ ಅದರ ಮೇಲೆ ಎಷ್ಟು ವರ್ಷ ಮಲಗಿದಳೋ. ನಾವೆಲ್ಲ ಮೊಮ್ಮಕ್ಕಳೂ ಮಲಗಿದ್ದೇವೆ.

ಅಮೇರಿಕಾದ ಅಲಬಾಮಾ ಸೀಮೆಯಲ್ಲಿ ಹೊಳೆಯೊಂದರ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಕರಿಯ ಹೆಂಗಸರು ಅಲ್ಲಿ ನಮ್ಮ ಕೌದಿಯಂಥ ಹೊದಿಕೆಗಳನ್ನು ಹೊಲಿಯುತ್ತಾರೆ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡಾಗ ಆತನ ಕೆಲಸದ ಅಂಗಿ-ಚಲ್ಲಣಗಳನ್ನೆಲ್ಲ ಕತ್ತರಿಸಿ ಒಂದು ಹೊದಿಕೆ ಮಾಡಿಕೊಂಡಳು, ಅವನ ನೆನಪನ್ನು ಹೊದ್ದು ಮಲಗಲು. ಗೀಸ್ ಬೆಂಡಿನ ಇಂಥ ಹೊದಿಕೆಗಳು 2002ರಲ್ಲಿ ಹೂಸ್ಟನ್ನಿನಲ್ಲೂ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲೂ ಗೋಡೆಗೆ ತೂಗಿದವು, ದೊಡ್ಡ ದೊಡ್ಡ ಚಿತ್ರಕಾರರ ಸಾಲಿಗೆ ಅವುಗಳನ್ನು ಹೋಲಿಸಿ ಬರೆದರು. 2006ರಲ್ಲಿ ಅಂಚೆಚೀಟಿಗಳಾದವು. ಮರುವರ್ಷವೇ ಹೊಲಿದ ಕೆಲವರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೋರ್ಟಿಗೆ ಹೋದರು. 2008ರಲ್ಲಿ ಅದು ಬಗೆಹರಿಯಿತು. ಮಿಸೌರಿ ಪೆಟ್‌ವೇಯ ಕಥೆ ನಮಗೆ ಗೊತ್ತಿರುವುದು ಆಕೆಯ ಮಗಳು ಅದನ್ನು ನೆನಪಿಟ್ಟು ಹೇಳಿದ್ದರಿಂದ. ಹೇಳದೆ ಹೋಗಿದ್ದರೆ ಅದು ನೀಲಿ-ಕಂದು ಬಣ್ಣದ ಚೆಂದದ ಜೋಡಣೆ ಎನಿಸಿಕೊಳ್ಳುತ್ತಿತ್ತು, ಅಷ್ಟೇ.

ನಮ್ಮ ರಾಜ್ಯದಲ್ಲಿಯೂ ಇಂಥದೇ ನಡೆದಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿಗಳನ್ನು ಅಮೇರಿಕಾದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಭ್ಯಾಸ ಮಾಡಿ ಆ ದೇಶದ ಪ್ರದರ್ಶನಗಳಿಗೆ ಒಯ್ದರು. ಸಿದ್ದಿಯರು ಮೂಲೆಗಳಿಗೆ ಅರಿವೆಯ ಹೂ ಮಡಿಚಿ ಹಚ್ಚುತ್ತಾರೆ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎಂದು ಅವರ ಭಾವನೆ. ಬಂಗಾಳದ ಕಾಂಥಾ ಇನ್ನೂ ಮೊದಲೇ ಹೆಸರು ಪಡೆದದ್ದು. ಕಲಕತ್ತೆಯ ಹತ್ತಿರದ ಗುರುಸದಯ ಸಂಗ್ರಹಾಲಯದಲ್ಲಿ ಮಾನದಾಸುಂದರಿ ಎಂಬಾಕೆ 19ನೇ ಶತಮಾನದಲ್ಲಿ ತಂದೆಗಾಗಿ ಹೊಲಿದ ಕಾಂಥಾ ಇದೆ. ಅದರಲ್ಲಿ ತನ್ನ ಹೆಸರನ್ನು ಆಕೆಯೇ ದಾರದಲ್ಲಿ ಬರೆದಿದ್ದಾಳೆ. ಅಕ್ಷರ ಬಂದರೆ ಎಂಥ ಧೈರ್ಯ ಬರುತ್ತದೆ ನೋಡಿರಿ. ನಮ್ಮ ದೋಆಬಿನ ಕೌದಿಗಳಲ್ಲಿ ನಾನು ಹೆಸರು ಕಂಡಿಲ್ಲ.

ಲಂಬಾಣಿ ಕಸೂತಿಗೆ ಈಚೆಗೆ ಒಳ್ಳೆಯ ಕಾಲ ಬಂದಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸದ 1755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಸಂತೋಷವೇ. ಸಂಡೂರಿನಲ್ಲಿ ಒಂದು ಕೇಂದ್ರ ಇದ್ದದ್ದರಿಂದ ಇದಾಯಿತು. ದೇವದುರ್ಗದ ತಾಂಡಾದ ಮುದುಕಿಯರ ಹತ್ತಿರ ಅಂಥದೇ ಕೈ ಇದೆ, ಆದರೆ ಅವರ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ.

ಕೌದಿ ಯಾಕೆ ಕಡಿಮೆಯಾಯಿತು ಎಂಬುದಕ್ಕೆ ಎಲ್ಲರೂ ಹೇಳುವ ಉತ್ತರ, ಗಾದಿ ಬಂತು, ಅಂಗಡಿಯಲ್ಲಿ ಚಾದರ ಅಗ್ಗವಾಯಿತು ಎಂದು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ನಾನು ನೋಡಿದಂತೆ ಮೊದಲ ಪೆಟ್ಟು ಕೊಟ್ಟವಳು ಪಾತ್ರೆಯವಳು. ಹಳೆ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ ಎಂದು ತಲೆಯ ಮೇಲೆ ಬುಟ್ಟಿ ಹೊತ್ತು ಓಣಿಗೆ ಬರುತ್ತಿದ್ದಳಲ್ಲ, ಆಕೆ. ನಾಲ್ಕು ಸೀರೆಗೆ ಒಂದು ಡಬರಿ. ಹಿತ್ತಾಳೆಗೆ ಕಲಾಯಿ ಹಾಕಿಸಿ ಸಾಕಾಗಿದ್ದ ನಮ್ಮ ತಾಯಂದಿರಿಗೆ ಆ ಹೊಳಪು ಬೇಡವೆನ್ನಲಾಗಲಿಲ್ಲ, ಅವರನ್ನು ನಾನು ದೂರುವುದೂ ಇಲ್ಲ. ಹೀಗೆ ಕೌದಿಯ ಅರಿವೆ ಅಡುಗೆಮನೆಯ ಮಾಡಕ್ಕೆ ಏರಿತು. ಎರಡನೆಯದು ನೈಲಾನು, ಪಾಲಿಯೆಸ್ಟರು. ಅದು ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಕುಡಿಯುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಹತ್ತಿಯ ಸೀರೆ ಶ್ರೀಮಂತರ ಉಡುಪಾಯಿತು.

ಮೂರನೆಯದನ್ನು ಮಾನ್ವಿಯವರೇ ನನಗೆ ಹೇಳಿದ್ದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಎರಡು ಬೆಳೆ ಬಂದವು. ಬೇಸಿಗೆಯಲ್ಲೂ ನಾಟಿ, ಕಳೆ, ಕೊಯ್ಲು. ಹೆಣ್ಣಾಳಿಗೆ ಕೂಲಿ ಸಿಕ್ಕಿತು, ಪಡಸಾಲೆಯಲ್ಲಿ ಕಾಲು ಚಾಚಿ ಕೂಡುವ ಎರಡು ತಿಂಗಳು ಹೋದವು. ಯಾವುದು ಲಾಭ ಯಾವುದು ನಷ್ಟ ಎಂದು ಊಟಕ್ಕೆ ಕೊರತೆಯಿಲ್ಲದ ನಾನು ಕೂತು ತೀರ್ಪು ಹೇಳಬಾರದು. ನೀರು ತಡವಾಗಿ ತಲುಪಿದ, ಎಷ್ಟೋ ಕಡೆ ತಲುಪದೇ ಇರುವ ದೇವದುರ್ಗದ ಹಳ್ಳಿಗಳಲ್ಲಿ ಕೌದಿ ಇನ್ನೂ ಉಳಿದಿರುವುದು ಕಣ್ಣಿಗೆ ಬೀಳುತ್ತದೆ. ಅಲ್ಲಿಯ ಬಸ್ ನಿಲ್ದಾಣದಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ನಿಂತು ನೋಡಿರಿ. ಬೆಂಗಳೂರಿಗೆ ದುಡಿಯಲು ಹೊರಟ ಮನೆಮಂದಿಯ ಸಾಮಾನಿನಲ್ಲಿ ಒಂದು ಹಿಟ್ಟಿನ ಚೀಲ, ಒಂದು ಒಲೆ ಊದುವ ಕೊಳವೆ, ಹಗ್ಗ ಬಿಗಿದ ಕೌದಿಯ ಸುರುಳಿ ಇದ್ದೇ ಇರುತ್ತವೆ. ಬಸ್ಸಿನ ಮೇಲೆ ಅದು ಹೋಗುತ್ತದೆ, ತಗಡಿನ ಶೆಡ್ಡಿನ ನೆಲಕ್ಕೆ ಹಾಸಲ್ಪಡುತ್ತದೆ, ಹಗಲು ಕೂಸಿಗೆ ಜೋಳಿಗೆಯಾಗುತ್ತದೆ. ಆ ನಗರದಲ್ಲೇ ತಣ್ಣಗಿನ ಅಂಗಡಿಗಳಲ್ಲಿ ಹೊಸ ಅರಿವೆಯನ್ನು ಹಳೆಯದರಂತೆ ಕಾಣುವ ಹಾಗೆ ತೊಳೆದು ಹೊಲಿಸಿದ ಕೌದಿಗಳು ಗೋಡೆಗೆ ತೂಗಿವೆ. ನೋಡಲು ಚೆಂದವೇ. ಯಾರ ಮೈಮೇಲೂ ಇರದ ಅರಿವೆಯಾದ್ದರಿಂದ ಅವುಗಳಲ್ಲಿ ಓದಲು ಏನಿಲ್ಲ.

ಅಂಗಡಿಗಳು ಬೇಡ ಎನ್ನುವವಳಲ್ಲ ನಾನು. ಕೈಗೆ ಕೂಲಿ ಬರುವುದಾದರೆ ಬರಲಿ. ನನ್ನ ತಕರಾರು ಬೇರೆ. ಅಟ್ಟದ ಮೇಲಿನ ಕೌದಿಯನ್ನು ಗಾರೆಯವರಿಗೆ ಕೊಡುವ ಮುಂಚೆ, ಮನೆಯಲ್ಲಿ ಹಿರಿಯ ಹೆಂಗಸು ಇರುವಾಗಲೇ ಅದನ್ನು ಆಕೆಯ ಮುಂದೆ ಹಾಸಿ ಒಂದು ಮಧ್ಯಾಹ್ನ ಕೂತುಕೊಳ್ಳಿರಿ. ಕೈಯಲ್ಲಿ ನೋಟುಬುಕ್ಕು ಇರಲಿ, ಇಲ್ಲವೇ ಮೊಬೈಲಿನಲ್ಲಿ ಆಕೆಯ ಮಾತು ಹಿಡಿಯಿರಿ. ಯಾವ ತುಂಡು ಯಾರದು, ಯಾವ ವರ್ಷದ್ದು, ಯಾರ ಮದುವೆಯದು, ಯಾರ ಬಾಣಂತನದ್ದು. ಸಣ್ಣವ್ವ ಹೋಗಿ ಈಗ ಆರು ವರ್ಷ. ಆ ದಿನ ಬರೆದುಕೊಂಡ ನಾಲ್ಕು ಪುಟ ನನ್ನ ಹತ್ತಿರ ಇವೆ. ಆಕೆಯ ಅತ್ತೆಮನೆಯ ಇನ್ನೂ ಮೂರು ಕೌದಿಗಳಿದ್ದವು. ಅವುಗಳನ್ನು ಓದಬಲ್ಲವರು ಈಗ ಯಾರೂ ಇಲ್ಲ, ಅವು ಬರೀ ಕೌದಿಗಳು.

ಬಿಚ್ಚಿದ ಆ ಕೌದಿಯನ್ನು ಮತ್ತೆ ಹೊಲಿಸಿದೆವು. ದೇವದುರ್ಗದ ಕಡೆಯಿಂದ ಇಬ್ಬರು ಹೆಂಗಸರು, ಅತ್ತೆ-ಸೊಸೆ, ರಾಯಚೂರಿಗೆ ಬಂದು ಓಣಿಓಣಿ ತಿರುಗಿ ಹೊಲಿದು ಕೊಡುತ್ತಿದ್ದರು. ನಮ್ಮ ಮನೆಯ ಕಟ್ಟೆಯ ಮೇಲೆ ಐದು ದಿನ ಕೂತರು. ಕುಂಚಿಗೆಯನ್ನು ಸಣ್ಣವ್ವ ಹೇಳಿದಂತೆ ಮೊದಲಿದ್ದ ಜಾಗದಲ್ಲೇ ಇಟ್ಟು, ಜೊತೆಗೆ ಈ ಸಲ ನಾಲ್ಕು ಜೋಳದ ಕಾಳನ್ನೂ ಹಾಕಿ ಮುಚ್ಚಿದರು. ಅತ್ತೆಯ ಟಾಕಿ ಸಣ್ಣದು, ಸೊಸೆಯದು ಸ್ವಲ್ಪ ಉದ್ದ. ಮುಗಿಯುವ ದಿನ ನಾನು ಒಂದು ಮೂಲೆ ತೋರಿಸಿ, ಇಲ್ಲಿ ನಿಮ್ಮ ಇಬ್ಬರ ಹೆಸರು ಹೊಲಿಯಿರಿ, ಅಕ್ಷರ ನಾನು ಸುಣ್ಣದಲ್ಲಿ ಬರೆದು ಕೊಡುತ್ತೇನೆ ಎಂದೆ. ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅತ್ತೆ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ಕುಬಸದ ತೋಳಿಗೆ ಚುಚ್ಚಿಕೊಂಡು ಹೇಳಿದಳು: "ಹೆಸರು ಇರ್ಲಿ ಬಿಡ್ರಿ ಅಕ್ಕಾರ. ದಾರ ನಾವs ತಂದೀವಿ, ಅದರ ರೊಕ್ಕ ಬ್ಯಾರೆ ಕೊಡ್ರಿ."

ದಾರದ ರೊಕ್ಕ ಬೇರೆ ಕೊಟ್ಟೆ. ಸೊಸೆ ಮಾತ್ರ ಹೋಗುವ ಮುಂಚೆ, ಅತ್ತೆ ಕಾಲು ತೊಳೆಯಲು ಬಚ್ಚಲಿಗೆ ಹೋದಾಗ, ಸುಣ್ಣದಲ್ಲಿ ಹೆಸರು ಹೆಂಗ ಬರೀತೀರಿ ತೋರಸ್ರಿ ಎಂದು ಕೇಳಿ ನೋಡಿಕೊಂಡು ಹೋದಳು.